ದೊಡ್ಡ ಹೆಜ್ಜೆಯ ಹುಡುಕಾಟ, ಪುಟ್ಟ ಕಪ್ಪೆಯ ಪತ್ತೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ನನಗೆ ಕೊಟ್ಟಿರುವ ವಿಷಯ ‘ವಿದ್ಯಾರ್ಥಿಗಳಲ್ಲಿ ವೈಜ್ಞಾನಿಕ ಮನೋಭಾವ’. ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟರಿಗೆ ಇದನ್ನು ಯಾಕೆ ಕೊಟ್ಟರು ಎಂದು ಆಶ್ಚರ್ಯಪಟ್ಟೆ. ವಿಜ್ಞಾನದ ಮೇಷ್ಟರು ಊರಲ್ಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಆದ್ದರಿಂದ ಸೂತ್ರ, ಸಿದ್ಧಾಂತಗಳ ತಂಟೆಗೆ ಹೋಗದೆ ಒಂದು ಹೆಜ್ಜೆ ಗುರುತಿನ ಕಥೆ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ತನ್ನ ಅಣ್ಣನ ಮೊಬೈಲ್ ಹಿಡಿದು ಸ್ಟಾಫ್ ರೂಮಿಗೆ ಬಂದ. ಅವನ ತಂದೆ ಆಲೂರು ಕಡೆಯ ಒಂದು ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ. ತೋಟದ ಕೆಸರು ದಾರಿಯಲ್ಲಿ ಬಿದ್ದ ಒಂದು ಉದ್ದನೆಯ ಹೆಜ್ಜೆಯ ಫೋಟೋ ತೋರಿಸಿ, “ಸರ್, ಇದು ಬಿಗ್‌ಫುಟ್. ಟಿವಿಯಲ್ಲಿ ತೋರಿಸ್ತಾರಲ್ಲ, ಅದೇ” ಎಂದ. ಹೆಜ್ಜೆಯ ಪಕ್ಕದಲ್ಲಿ ಅಳತೆಗೆಂದು ತನ್ನ ಹವಾಯಿ ಚಪ್ಪಲಿ ಇಟ್ಟಿದ್ದ. ಚಪ್ಪಲಿ ನೋಡಿ ನನಗೆ ಸಂತೋಷವಾಯಿತು. ಅಳತೆ ಇಡಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಮುಂದಿನ ಮಾತು ಕೇಳಿ ಎದೆ ಧಸಕ್ಕೆಂದಿತು. ಐದಾರು ಹುಡುಗರು ಸೇರಿ ‘ಬಿಗ್‌ಫುಟ್ ತಂಡ’ ಕಟ್ಟಿಕೊಂಡಿದ್ದರು. ಶನಿವಾರ ರಾತ್ರಿ ಮನೆಯವರು ಮಲಗಿದ ಮೇಲೆ ಟಾರ್ಚ್ ಹಿಡಿದು ತೋಟಕ್ಕೆ ನುಗ್ಗುವ ಯೋಜನೆಯೂ ತಯಾರಾಗಿತ್ತು.

ಈ ಬಿಗ್‌ಫುಟ್ ಎಂದರೇನು ಎಂದು ಹಿರಿಯರಲ್ಲಿ ಕೆಲವರು ಕೇಳಬಹುದು. ಉತ್ತರ ಅಮೆರಿಕದ ಕಾಡುಗಳಲ್ಲಿ ಏಳೆಂಟು ಅಡಿ ಎತ್ತರದ, ಮೈತುಂಬ ಕೂದಲಿರುವ, ಎರಡು ಕಾಲಲ್ಲಿ ನಡೆಯುವ ಪ್ರಾಣಿಯೊಂದು ಇದೆಯೆಂದು ಅಲ್ಲಿ ಅನೇಕರು ನಂಬುತ್ತಾರೆ. ಕೆನಡಾದ ಕಡೆ ಅದಕ್ಕೆ ‘ಸ್ಯಾಸ್ಕ್ವಾಚ್’ ಎಂಬ ಹೆಸರಿದೆ. ಆ ಹೆಸರನ್ನು 1920ರ ದಶಕದಲ್ಲಿ ಪತ್ರಿಕೆಗಳಿಗೆ ತಂದವರು ಜೆ. ಡಬ್ಲ್ಯು. ಬರ್ನ್ಸ್ ಎಂಬ ಶಾಲಾ ಮೇಷ್ಟರು. ನಮ್ಮ ವೃತ್ತಿಯವರೇ, ಏನು ಮಾಡೋಣ! ‘ಬಿಗ್‌ಫುಟ್’ ಎಂಬ ಹೆಸರು ಬಂದದ್ದು 1958ರಲ್ಲಿ. ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬಲ್ಲಿ ಕಾಡಿನ ರಸ್ತೆ ಕೆಲಸ ನಡೆಯುತ್ತಿದ್ದಾಗ ದೊಡ್ಡ ಹೆಜ್ಜೆಗಳು ಕಂಡವು, ಪತ್ರಿಕೆಯಲ್ಲಿ ಸುದ್ದಿಯಾಯಿತು. 1967ರಲ್ಲಿ ಅದೇ ಬ್ಲಫ್ ಕ್ರೀಕ್‌ನಲ್ಲಿ ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಎಂಬಿಬ್ಬರು ಒಂದು ನಿಮಿಷದಷ್ಟು ಚಿತ್ರ ತೆಗೆದರು. ಟಿವಿಯಲ್ಲಿ ನೀವು ನೋಡುವ, ನಡೆಯುತ್ತಾ ತಿರುಗಿ ನೋಡುವ ಆ ಕಪ್ಪು ಆಕೃತಿ ಅದೇ. 2002ರಲ್ಲಿ ಆ ರಸ್ತೆಯ ಗುತ್ತಿಗೆದಾರ ರೇ ವ್ಯಾಲೇಸ್ ತೀರಿಕೊಂಡಾಗ, 1958ರ ಹೆಜ್ಜೆ ಅವರದೇ ಕುಚೋದ್ಯ ಎಂದು ಮನೆಯವರು ಹೇಳಿ, ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನು ಹೊರತೆಗೆದು ತೋರಿಸಿದರು. ನಂಬುವವರು ನಂಬುವುದನ್ನು ಬಿಡಲಿಲ್ಲ.

ಅಲ್ಲಿ ಊರೂರಿಗೆ ಹವ್ಯಾಸಿ ಹುಡುಕಾಟದ ಗುಂಪುಗಳಿವೆ. ಬಿಗ್‌ಫುಟ್ ಫೀಲ್ಡ್ ರಿಸರ್ಚರ್ಸ್ ಆರ್ಗನೈಸೇಷನ್ ಎಂಬ ಸಂಸ್ಥೆ 1995ರಿಂದ ಕೆಲಸ ಮಾಡುತ್ತಿದೆ. ವಾರದ ರಜೆಯಲ್ಲಿ ಡೇರೆ ಹಾಕುತ್ತಾರೆ, ರಾತ್ರಿ ಕಾಣುವ ಕ್ಯಾಮೆರಾ ಕಟ್ಟುತ್ತಾರೆ, ಮರಕ್ಕೆ ದೊಣ್ಣೆಯಿಂದ ಬಡಿದು ಉತ್ತರ ಬರುತ್ತದೆಯೇ ಎಂದು ಕಿವಿಗೊಡುತ್ತಾರೆ, ಕೂಗು ಹಾಕುತ್ತಾರೆ, ಹೆಜ್ಜೆ ಕಂಡರೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ. ನೋಡಿದವರ ಹೇಳಿಕೆಗಳನ್ನು ಎ, ಬಿ, ಸಿ ಎಂದು ದರ್ಜೆ ಮಾಡಿ ಬರೆದಿಡುತ್ತಾರೆ. ಇವರನ್ನು ನೋಡಿ ಸುಮ್ಮನೆ ನಗುವುದು ಸುಲಭ. ನಾನು ನಗುವುದಿಲ್ಲ. ಚಳಿಯಲ್ಲಿ ರಾತ್ರಿಯಿಡೀ ಕಾಡಿನಲ್ಲಿ ಕೂರುವ ತಾಳ್ಮೆ ನಮ್ಮ ಮಕ್ಕಳಿಗೆ ಬಂದರೆ ಒಳ್ಳೆಯದೇ. ನನ್ನ ತಕರಾರು ಬೇರೆ. ಯಾವ ಉತ್ತರ ಬಂದರೆ ‘ಇಲ್ಲ’ ಎಂದು ಒಪ್ಪಿಕೊಳ್ಳಬೇಕು ಎನ್ನುವುದು ಆ ಹುಡುಕಾಟದಲ್ಲಿ ನಿಶ್ಚಯವಾಗಿಲ್ಲ. ಹತ್ತು ರಾತ್ರಿ ಕೂತು ಏನೂ ಕಾಣದಿದ್ದರೆ ‘ಅದು ಬಹಳ ಜಾಣ ಪ್ರಾಣಿ’ ಎನ್ನುತ್ತಾರೆ. ಹನ್ನೊಂದನೇ ರಾತ್ರಿ ಕೊಂಬೆ ಮುರಿದ ಸದ್ದಾದರೆ ‘ಅದೇ ಬಂತು’ ಎನ್ನುತ್ತಾರೆ.

ಪರೀಕ್ಷೆಗೆ ಕೊಟ್ಟದ್ದೂ ಉಂಟು. ಪೀಟರ್ ಬರ್ನ್ ಎಂಬ ಹುಡುಕಾಟಗಾರರು 1976ರಲ್ಲಿ ಒಂದಿಷ್ಟು ಕೂದಲನ್ನು ಅಮೆರಿಕದ ಎಫ್‌ಬಿಐಗೆ ಕಳಿಸಿದರು. ಅವರು ನೋಡಿ ಹೇಳಿದ್ದು: ಜಿಂಕೆಯ ಕೂದಲು. 2014ರಲ್ಲಿ ಆಕ್ಸ್‌ಫರ್ಡ್‌ನ ಬ್ರಯನ್ ಸೈಕ್ಸ್ ಮತ್ತವರ ಜೊತೆಗಾರರು ಇಂಥ 30 ಕೂದಲ ಮಾದರಿಗಳ ಡಿಎನ್‌ಎ ಫಲಿತಾಂಶ ಪ್ರಕಟಿಸಿದರು. ಕರಡಿ, ಕುದುರೆ, ದನ, ಹೀಗೆ ಎಲ್ಲವೂ ಗೊತ್ತಿರುವ ಪ್ರಾಣಿಗಳವೇ. ಒಂದು ಮನುಷ್ಯನದು.

ನಮ್ಮ ದೇಶದಲ್ಲಿ ಇಂಥದ್ದು ಇಲ್ಲ ಎಂದುಕೊಳ್ಳಬೇಡಿ. ಮೇಘಾಲಯದ ಗಾರೋ ಬೆಟ್ಟಗಳಲ್ಲಿ ‘ಮಾಂದೆ ಬುರುಂಗ್’, ಅಂದರೆ ಕಾಡಿನ ಮನುಷ್ಯ, ಇದ್ದಾನೆಂಬ ನಂಬಿಕೆಯಿದೆ. ಅಚಿಕ್ ಟೂರಿಸಂ ಸೊಸೈಟಿ ಎಂಬ ಸ್ಥಳೀಯ ಸಂಸ್ಥೆಯವರು ವರ್ಷಗಟ್ಟಲೆ ಹುಡುಕಿದರು. ಸಿಕ್ಕ ಕೂದಲನ್ನು 2008ರಲ್ಲಿ ಪರೀಕ್ಷೆ ಮಾಡಿಸಿದಾಗ ಅದು ಗೋರಲ್ ಎಂಬ ಬೆಟ್ಟದ ಮೇಕೆಯಂಥ ಪ್ರಾಣಿಯದೆಂದು ಗೊತ್ತಾಯಿತು. ಕೂದಲನ್ನು ಬಚ್ಚಿಟ್ಟುಕೊಳ್ಳದೆ ಪರೀಕ್ಷೆಗೆ ಕೊಟ್ಟರಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. 2019ರ ಏಪ್ರಿಲ್‌ನಲ್ಲಿ ನಮ್ಮ ಭೂಸೇನೆಯೇ ಮಕಾಲು ಪರ್ವತದ ಬಳಿಯ ಹಿಮದಲ್ಲಿ ‘ಯೇತಿ’ಯ ಹೆಜ್ಜೆ ಕಂಡಿತೆಂದು ಫೋಟೋ ಹಾಕಿತ್ತು, ನೆನಪಿರಬಹುದು. 2001ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ‘ಕಾಲಾ ಬಂದರ್’, ಮಂಕಿ ಮ್ಯಾನ್ ಬಂದಿದ್ದಾನೆ ಎಂಬ ಸುದ್ದಿ ಹಬ್ಬಿತು. ಸೆಖೆಗೆ ಮಹಡಿಯ ಮೇಲೆ ಮಲಗಿದ್ದವರಲ್ಲಿ ಕೆಲವರು ಹೆದರಿ ಓಡಿ, ಜಿಗಿದು, ಪ್ರಾಣವನ್ನೇ ಕಳೆದುಕೊಂಡರು. ಪ್ರಾಣಿ ಮಾತ್ರ ಸಿಗಲಿಲ್ಲ. ಉರ್ದುವಿನಲ್ಲಿ ಇದಕ್ಕೆ ‘ಅಫ್ವಾಹ್’ ಎನ್ನುತ್ತೇವೆ. ಅದಕ್ಕೆ ಮದ್ದು ‘ತಹಕೀಕ್’. ಒಂದು ಮಾತು ಕಿವಿಗೆ ಬಿದ್ದರೆ ನಮ್ಮ ಹಿಂದಿನ ವಿದ್ವಾಂಸರು, ‘ನಿನಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು’ ಎಂದು ಕೊನೆಯ ಕೊಂಡಿಯವರೆಗೂ ಕೇಳುತ್ತಿದ್ದರು. ಅದಕ್ಕೆ ಇಸ್ನಾದ್ ಎಂದು ಹೆಸರು. ಕನ್ನಡದ ಗಾದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.

ಪ್ರಮಾಣಿಸಿ ನೋಡೋಣ ಎಂದೇ ಮಾರನೆಯ ಬೆಳಿಗ್ಗೆ ಆ ಹುಡುಗರನ್ನೂ ಅವರಲ್ಲಿ ಒಬ್ಬನ ತಂದೆಯನ್ನೂ ಕರೆದುಕೊಂಡು ತೋಟಕ್ಕೆ ಹೋದೆ. ಪರಿಚಯದ ಅರಣ್ಯ ವಾಚರ್ ಒಬ್ಬರು ಜೊತೆಗೆ ಬಂದರು. ಅವರು ಬಗ್ಗಿ ನೋಡಿ, “ಮೇಷ್ಟ್ರೇ, ಇದು ಸಲಗ. ಒಂಟಿ” ಎಂದರು. ಆನೆಯ ಮುಂಗಾಲಿನ ಗುರುತು ದುಂಡಗೆ, ಹಿಂಗಾಲಿನದು ಸ್ವಲ್ಪ ಉದ್ದ. ನಡೆಯುವಾಗ ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಅರ್ಧಂಬರ್ಧ ಬೀಳುತ್ತದೆ. ಎರಡು ಗುರುತು ಕೂಡಿಕೊಂಡು ಒಂದೇ ಉದ್ದದ ಪಾದದಂತೆ ಕಾಣುತ್ತದೆ, ತುದಿಯ ಉಗುರುಗಳು ಬೆರಳಿನಂತೆ ಕಾಣುತ್ತವೆ. ಮಳೆ ನೀರು ನಿಂತು ಅಂಚು ಕರಗಿದರೆ ಕೇಳುವುದೇ ಬೇಡ. ಕರಡಿಯ ಹೆಜ್ಜೆಗಳೂ ಹೀಗೆ ಒಂದರ ಮೇಲೊಂದು ಬಿದ್ದು ಎಷ್ಟೋ ಜನರನ್ನು ಮೋಸಗೊಳಿಸಿವೆ. ಸ್ವಲ್ಪ ಮುಂದೆ ಒಂದು ಮುಂಗಾಲಿನ ಗುರುತು ಸ್ಪಷ್ಟವಾಗಿ ಸಿಕ್ಕಿತು. ವಾಚರ್ ಹೇಳಿದಂತೆ ಹುಡುಗರು ಸೆಣಬಿನ ದಾರವನ್ನು ಅದರ ಸುತ್ತ ಹಾಸಿ ಅಳೆದರು. ಹೆಚ್ಚುಕಡಿಮೆ ನಾಲ್ಕೂವರೆ ಅಡಿ. ಆನೆಯ ಮುಂಗಾಲಿನ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರ ಎಂಬುದು ಹಳೆಯ ಲೆಕ್ಕ. ಅಂದರೆ ಒಂಬತ್ತು ಅಡಿ! ಶನಿವಾರ ರಾತ್ರಿ ಈ ಮಕ್ಕಳು ಟಾರ್ಚ್ ಬಿಟ್ಟು ಎಬ್ಬಿಸಲು ಹೊರಟದ್ದು ಅದನ್ನು.

ನಮ್ಮ ತಾಲ್ಲೂಕುಗಳಲ್ಲಿ ಆನೆ ಎಂದರೇನೆಂದು ಈ ಸಭೆಗೆ ಹೇಳಬೇಕಾಗಿಲ್ಲ. 2014ರಲ್ಲಿ ಆಲೂರು ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ಮುಗಿಯಲಿಲ್ಲ. ಬೆಳಗಿನ ಜಾವ ಕೆಲಸಕ್ಕೆ ಹೋಗುವವರು ಇಂದಿಗೂ ದುವಾ ಮಾಡುತ್ತಲೇ ತೋಟದ ಗೇಟು ದಾಟುತ್ತಾರೆ. ಆ ಹುಡುಗನಿಗೆ ಅಂದು ಬೇಸರವಾಯಿತು. “ಎಲ್ಲಾ ಹೆಜ್ಜೆಯೂ ಆನೆಯದೇ ಅಂತ ಹೆಂಗೆ ಹೇಳ್ತೀರಾ ಸರ್?” ಎಂದು ದಾರಿಯುದ್ದಕ್ಕೂ ವಾದ ಮಾಡಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ನಾನು ಕೊಟ್ಟ ಉತ್ತರ ಇಷ್ಟೇ: ಆನೆ ಇದ್ದಲ್ಲಿ ಲದ್ದಿ ಇರುತ್ತದೆ, ಮುರಿದ ಬೈನೆ ಮರ ಇರುತ್ತದೆ, ಮರಿ ಇರುತ್ತದೆ, ಸತ್ತರೆ ಮೂಳೆ ಸಿಗುತ್ತದೆ. ಏಳಡಿಯ ಪ್ರಾಣಿಯ ಒಂದು ಹಲ್ಲೂ ಯಾರಿಗೂ ಯಾಕೆ ಸಿಗಲಿಲ್ಲ? ಅವನು ಸುಮ್ಮನಾದ. ಒಪ್ಪಿದನೆಂದು ಹೇಳಲಾರೆ.

ಹಾಗಾದರೆ ಕಾಡಿನಲ್ಲಿ ಹುಡುಕಲು ಏನೂ ಉಳಿದಿಲ್ಲವೇ? ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ. ನಮ್ಮ ಸಕಲೇಶಪುರದ ಬೆಟ್ಟಗಳಲ್ಲಿ ನಿಜವಾಗಿ ಕಳೆದುಹೋಗಿದ್ದ ಪ್ರಾಣಿಗಳಿದ್ದವು. ಹುಡುಕಿದರು, ಸಿಕ್ಕವು.

ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಹೋಗುವಾಗ ರಸ್ತೆಯ ಜೊತೆಜೊತೆಗೇ ಹರಿಯುವ ಕೆಂಪುಹೊಳೆಯನ್ನು ನೀವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಸಿ. ಆರ್. ನಾರಾಯಣರಾವ್ ಈ ಕೆಂಪುಹೊಳೆ ಕಾಡಿನ ಕಪ್ಪೆಗಳನ್ನು ಅಭ್ಯಾಸ ಮಾಡಿದರು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಅವರು ಒಂದು ಪ್ರಬಂಧ ಪ್ರಕಟಿಸಿದರು. ಮೈ ಎಷ್ಟು ಉದ್ದ, ಬೆರಳ ತುದಿ ಹೇಗೆ, ಚರ್ಮ ಹೇಗೆ, ಸಿಕ್ಕ ಜಾಗ ಯಾವುದು ಎಂದೆಲ್ಲ ಬರೆದರು. ಒಂದು ಕಪ್ಪೆಗೆ ನಮ್ಮ ಹೊಳೆಯ ಹೆಸರನ್ನೇ ಇಟ್ಟು ‘ಕೆಂಫೋಲೆಯೆನ್ಸಿಸ್’ ಎಂದು ಕರೆದರು. ಆಮೇಲೆ ಅದನ್ನು ಕಂಡೆವೆಂದು ಖಚಿತವಾಗಿ ಹೇಳುವವರೇ ಇಲ್ಲವಾದರು. ಕಾಲೇಜಿನಲ್ಲಿ ಜೋಪಾನ ಮಾಡಿಟ್ಟಿದ್ದ ರಾಯರ ಮೂಲ ಮಾದರಿಗಳೂ ಕಾಲಾನಂತರದಲ್ಲಿ ಕಳೆದುಹೋದವು. ಉಳಿದದ್ದು ಕಾಗದದ ಮೇಲಿನ ಬರಹ ಮತ್ತು ಒಂದು ಹೊಳೆಯ ಹೆಸರು.

2010ರ ನವೆಂಬರ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಎಸ್. ಡಿ. ಬಿಜು ಅವರು ‘ಲಾಸ್ಟ್! ಆಂಫಿಬಿಯನ್ಸ್ ಆಫ್ ಇಂಡಿಯಾ’ ಎಂಬ ಅಭಿಯಾನ ಆರಂಭಿಸಿದರು. ದಶಕಗಳಿಂದ ಯಾರೂ ಕಾಣದ 50 ಉಭಯಚರಗಳ ಪಟ್ಟಿ ಮಾಡಿ, ವಿಜ್ಞಾನಿಗಳ ಜೊತೆ ವಿದ್ಯಾರ್ಥಿಗಳನ್ನೂ ಸಾಮಾನ್ಯ ಹವ್ಯಾಸಿಗಳನ್ನೂ ಹುಡುಕಲು ಕರೆದರು. 2011ರ ಫೆಬ್ರವರಿ ಹೊತ್ತಿಗೆ ಐದು ಜಾತಿಗಳು ಸಿಕ್ಕಿವೆ ಎಂದು ಪ್ರಕಟಿಸಿದರು. ಅವುಗಳಲ್ಲಿ ಒಂದು, 1937ರಲ್ಲಿ ರಾಯರು ವರ್ಣಿಸಿದ್ದ ‘ಎಲಿಗೆಂಟ್’ ಎಂಬ ಕಪ್ಪೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಘಟ್ಟದ ಇರುಳುಗಪ್ಪೆಗಳ ಬಗ್ಗೆ ದೊಡ್ಡ ಪ್ರಬಂಧ ಬಂತು. ಹನ್ನೆರಡು ಹೊಸ ಜಾತಿಗಳು, ಜೊತೆಗೆ ಕಳೆದುಹೋಗಿದ್ದ ಮೂರು ಜಾತಿಗಳ ಮರುಶೋಧ. ಮೂರಕ್ಕೆ ಮೂರೂ ನಾರಾಯಣರಾಯರು ಹೆಸರಿಟ್ಟವೇ. ಕೊಡಗಿನ ಇರುಳುಗಪ್ಪೆ 91 ವರ್ಷಗಳ ಮೇಲೆ, ಕಾಡಿನ ಇರುಳುಗಪ್ಪೆ ಮತ್ತು ನಮ್ಮ ಕೆಂಪುಹೊಳೆಯ ಇರುಳುಗಪ್ಪೆ 75 ವರ್ಷಗಳ ಮೇಲೆ ಪತ್ತೆಯಾದವು.

ಇಲ್ಲಿ ಒಂದು ಸೂಕ್ಷ್ಮವಿದೆ, ವಿದ್ಯಾರ್ಥಿಗಳು ಗಮನಿಸಬೇಕು. ಕೆಂಪುಹೊಳೆಯ ಕಪ್ಪೆಯನ್ನು ರಾಯರು ಮೊದಲು ಬೇರೊಂದು ಗುಂಪಿಗೆ, ಪೊದೆಗಪ್ಪೆಗಳ ಗುಂಪಿಗೆ ಸೇರಿಸಿದ್ದರು. ಅದು ತಪ್ಪಾಗಿತ್ತು. ಆದರೆ ತಾವು ಕಂಡದ್ದನ್ನು ಕಂಡ ಹಾಗೆ ಬರೆದಿದ್ದರಿಂದ ಮುಂದಿನವರು ಆ ತಪ್ಪನ್ನು ತಿದ್ದಲು ಸಾಧ್ಯವಾಯಿತು. ಅದರಿಂದ ಅವರ ಗೌರವಕ್ಕೆ ಕುಂದೇನೂ ಬರಲಿಲ್ಲ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರದೇ ನೆನಪಿನಲ್ಲಿ ‘ರಾವ್‌ಆರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಬಿಗ್‌ಫುಟ್‌ನ ಸಾವಿರಾರು ಹೇಳಿಕೆಗಳಲ್ಲಿ ನನಗೆ ಕಾಣದಿರುವುದು ಇದೇ, ಮುಂದಿನವನು ಬಂದು ತಿದ್ದಬಹುದಾದಂಥ ತಪ್ಪು.

ಹುಡುಕಿದ್ದೆಲ್ಲ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮಲಬಾರ್ ಪುನುಗು ಬೆಕ್ಕಿನ ಕಥೆ ಕೇಳಿ. 1862ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಬಂತು. 1987ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕೆಲವು ಚರ್ಮಗಳು ಸಿಕ್ಕವು. 2006-07ರಲ್ಲಿ ಕರ್ನಾಟಕ ಮತ್ತು ಕೇರಳದ ಕಾಡುಗಳಲ್ಲಿ ಕ್ಯಾಮೆರಾ ಕಟ್ಟಿ ಹುಡುಕಿದರು. ಒಂದು ಕ್ಯಾಮೆರಾ ಒಂದು ರಾತ್ರಿ ಎಂದು ಲೆಕ್ಕ ಹಾಕಿದರೆ ನಮ್ಮ ರಾಜ್ಯದಲ್ಲೇ ಸಾವಿರಕ್ಕೂ ಹೆಚ್ಚು ರಾತ್ರಿ. ಒಂದು ಫೋಟೋ ಕೂಡ ಬರಲಿಲ್ಲ. ‘ಸಿಗಲಿಲ್ಲ’ ಎಂದೇ ಅವರು ಬರೆದು ಪ್ರಕಟಿಸಿದರು. ಅಂಥದ್ದೊಂದು ಪ್ರತ್ಯೇಕ ಜಾತಿ ಇಲ್ಲಿ ಕಾಡುಪ್ರಾಣಿಯಾಗಿ ಇತ್ತೇ ಎಂಬ ಪ್ರಶ್ನೆಯನ್ನೂ ಕೆಲವು ತಜ್ಞರು ಎತ್ತಿದ್ದಾರೆ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಾಗ ನಾಲ್ಕು ಪುಟ ತುಂಬಿಸುವ ನನ್ನ ಕೆಲವು ವಿದ್ಯಾರ್ಥಿಗಳಿಗೆ ಈ ಮಾತು. ನಗಬೇಡಿ, ನಿಮ್ಮನ್ನೇ ಹೇಳಿದ್ದು.

ಕಪ್ಪೆ ಸಿಕ್ಕರೆಷ್ಟು ಬಿಟ್ಟರೆಷ್ಟು, ಅದರಿಂದ ನಮ್ಮ ಮಕ್ಕಳ ಹೊಟ್ಟೆ ತುಂಬುತ್ತದೆಯೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಹಿರಿಯರು ಮನಸ್ಸಿನಲ್ಲೇ ಕೇಳುತ್ತಿರಬಹುದು. ಈ ಕಪ್ಪೆಗಳು ಬದುಕುವುದು ನಮ್ಮ ಹೊಳೆ, ಹಳ್ಳಗಳ ಅಂಚಿನಲ್ಲಿ. ಗುಂಡ್ಯ ಕಣಿವೆಯಲ್ಲಿ 200 ಮೆಗಾವ್ಯಾಟ್ ಜಲವಿದ್ಯುತ್ ಯೋಜನೆ ಮಾಡಬೇಕೆಂಬ ಪ್ರಸ್ತಾಪ ಬಂದಾಗ, ಆ ಕಣಿವೆಯಲ್ಲಿ ಯಾವ ಯಾವ ಜೀವಿಗಳಿವೆ ಎಂಬ ಪ್ರಶ್ನೆ ಮುಖ್ಯವಾಯಿತು. ಗುಂಡ್ಯದ ಹೆಸರನ್ನೇ ಹೊತ್ತ ಕಪ್ಪೆಯೊಂದು 1986ರಿಂದಲೇ ಶಾಸ್ತ್ರದ ದಾಖಲೆಯಲ್ಲಿತ್ತು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಈ ಯೋಜನೆಗೆ ಅನುಮತಿ ಕೊಡಬಾರದೆಂದು ಶಿಫಾರಸು ಮಾಡಿತು. ಎತ್ತಿನಹೊಳೆ ಯೋಜನೆಯ ಮೊದಲ ಹಂತವನ್ನು 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಕಲೇಶಪುರ ತಾಲ್ಲೂಕಿನಲ್ಲೇ ಉದ್ಘಾಟಿಸಿದರು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಪೂರ್ವದ ಬಯಲು ಸೀಮೆಗೆ ಸಾಗಿಸುವುದು ಇದರ ಉದ್ದೇಶ. ಬಯಲು ಸೀಮೆಯವರ ಬಾಯಾರಿಕೆಯೂ ನಿಜ. ಯೋಜನೆ ಬೇಕೋ ಬೇಡವೋ ಎಂದು ತೀರ್ಪು ಕೊಡುವಷ್ಟು ದೊಡ್ಡವನು ನಾನಲ್ಲ. ಆದರೆ ಹಳ್ಳದಲ್ಲಿ ಏನಿತ್ತು ಎಂದು ಯಾರೂ ಬರೆದಿಡದಿದ್ದರೆ, ಏನು ಹೋಯಿತು ಎಂದು ನಾಳೆ ಹೇಳುವವರು ಯಾರು? ಅದನ್ನು ಬರೆದಿಡಲು ಪಿಎಚ್‌ಡಿ ಬೇಕಾಗಿಲ್ಲ.

ಬಿಸ್ಲೆಯಲ್ಲಿ ಮಳೆಗಾಲದಲ್ಲಿ ‘ಬಿಸ್ಲೆ ಫ್ರಾಗ್ ವಾಚ್’ ಎಂಬ ಶಿಬಿರಗಳು ನಡೆದಿವೆ. ಕಪ್ಪೆಗಳ ತಜ್ಞರಾದ ಡಾ. ಕೆ. ವಿ. ಗುರುರಾಜ ಅವರಂಥವರು ಅಲ್ಲಿ ಸಾಮಾನ್ಯರಿಗೆ ಕಪ್ಪೆ ಗುರುತಿಸುವುದನ್ನು ಕಲಿಸಿದ್ದಾರೆ. ಅಂಥದ್ದನ್ನು ಕಲಿತಿದ್ದ ಗೆಳೆಯರೊಬ್ಬರ ಜೊತೆ ನಾನೂ ಒಂದು ಸಂಜೆ ಮಗ್ರಿಬ್ ಮುಗಿಸಿ, ಅನುಮತಿ ಪಡೆದೇ, ಒಂದು ತೋಟದ ಹಳ್ಳಕ್ಕೆ ಇಳಿದೆ. ಮಳೆ ಜಿಟಿಜಿಟಿ. ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡಿದ್ದರೂ ಇಂಬಳ ಬಿಡಲಿಲ್ಲ. ಗೆಳೆಯರು ಟಾರ್ಚ್ ಆರಿಸಿ ಹತ್ತು ನಿಮಿಷ ಸುಮ್ಮನೆ ನಿಲ್ಲಿಸಿದರು. ಮೊದಲು ಬರೀ ಗದ್ದಲ. ಆಮೇಲೆ ಒಂದೊಂದೇ ದನಿ ಬೇರೆಬೇರೆಯಾಗಿ ಕೇಳತೊಡಗಿತು. ಒಂದು ಟಕ್ ಟಕ್ ಎಂದು ಕಲ್ಲು ಕುಟ್ಟಿದ ಹಾಗೆ, ಇನ್ನೊಂದು ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ಅವರು ಮೊಬೈಲಿನಲ್ಲಿ ದನಿ ಮುದ್ರಿಸಿಕೊಂಡರು. ದಿನಾಂಕ, ಗಂಟೆ, ಜಾಗ, ನೀರು ಹರಿಯುತ್ತಿತ್ತೋ ನಿಂತಿತ್ತೋ, ಎಲೆಯ ಮೇಲೆ ಇತ್ತೋ ಕಲ್ಲಿನ ಸಂದಿಯಲ್ಲೋ ಎಂದು ಬರೆದರು. ಕಪ್ಪೆಯನ್ನು ಮುಟ್ಟಲಿಲ್ಲ, ಮುಟ್ಟಲು ಬಿಡಲೂ ಇಲ್ಲ. ಒಂದು ದನಿ ಯಾವುದೆಂದು ಅವರಿಗೂ ತಿಳಿಯಲಿಲ್ಲ. ಆ ಸಾಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಊಹೆಯಿಂದ ಒಂದು ಹೆಸರು ಬರೆಯಬಹುದಿತ್ತು, ಬರೆಯಲಿಲ್ಲ.

‘ಬಿಗ್‌ಫುಟ್ ತಂಡ’ದ ಹುಡುಗರಿಗೆ ಈ ಕಥೆ ಹೇಳಿದೆ. ತಂಡದ ಹೆಸರು ಬದಲಿಸುವುದಿಲ್ಲ ಎಂದು ಹಟ ಹಿಡಿದಿದ್ದಾರೆ, ಇರಲಿ ಬಿಡಿ. ಮೊದಲ ಮಳೆ ಹಿಡಿದ ಮೇಲೆ ಶಾಲೆಯ ಹಿಂದಿನ ಹಳ್ಳದ ಬದಿಯಲ್ಲಿ, ವಾರಕ್ಕೆ ಒಂದು ಸಂಜೆ, ಏಳರಿಂದ ಎಂಟರವರೆಗೆ ಕಪ್ಪೆಗಳ ದನಿ ದಾಖಲಿಸುವ ಕೆಲಸ ಶುರು ಮಾಡುತ್ತೇವೆ. ಹೆಣ್ಣುಮಕ್ಕಳೂ ಬರಬಹುದು, ತಾಯಂದಿರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಹೊರಡುವ ಮೊದಲು ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರನ್ನು ವಿಚಾರಿಸುತ್ತೇವೆ. ಹತ್ತಿರದಲ್ಲಿ ಇದೆ ಎಂದರೆ ಆ ವಾರ ಮನೆಯಲ್ಲೇ. ಬರುವವರು ಗಂಬೂಟು, ಟಾರ್ಚ್, ಇನ್ನೂರು ಪುಟದ ಒಂದು ನೋಟ್‌ಬುಕ್, ಪೋಷಕರ ಸಹಿ ಇರುವ ಚೀಟಿ ತರಬೇಕು. ಹೆಸರು ಬರೆಸಲು ಇಂದು ಚಹಾ ಮುಗಿದ ಮೇಲೆ ನಾನು ವೇದಿಕೆಯ ಪಕ್ಕದಲ್ಲೇ ಇರುತ್ತೇನೆ. ಚಪ್ಪಲಿ ಇಟ್ಟು ಫೋಟೋ ತೆಗೆದ ಆ ಹುಡುಗ ಪಟ್ಟಿಯಲ್ಲಿ ಮೊದಲನೆಯವನು. ಅಳತೆಗೆ ಈ ಸಲ ಸ್ಕೇಲು ತರುತ್ತಾನಂತೆ.